ಹನ್ನೆರಡು ಸೀಗಡಿಗೆ ಹನ್ನೆರಡು ಮುಖ

ಹೋದ ಸೋಮವಾರ ಖಾಲಾ ದೇವದುರ್ಗದ ಬಸ್ಸು ಹತ್ತಿದಳು. ಆಕೆಯನ್ನು ಕಳಿಸಲು ನಮ್ಮ ಓಣಿಯಿಂದ ರಾಯಚೂರು ಬಸ್‌ಸ್ಟ್ಯಾಂಡಿಗೆ ಇನ್ನೂರು ಜನ ಬಂದಿದ್ದರು. ಸರಿ, ಇಪ್ಪತ್ತು. ಅದರಲ್ಲಿ ಎರಡು ಆಡು. ಆದರೆ ಅಳು ಮಾತ್ರ ಇನ್ನೂರು ಜನರದ್ದೇ. ಕಂಡಕ್ಟರ್ ಗಾಬರಿಯಾಗಿ, "ಯಾರಿಗೇನಾಗೇದ್ರೀ? ದವಾಖಾನಿಗಿ ಒಯ್ಯಾದದ ಏನು?" ಎಂದು ಕೇಳಿದ.

"ಏನಾಗಿಲ್ಲಪ್ಪಾ, ತಮ್ಮನ ಮನಿಗಿ ಹೊಂಟೀನಿ," ಎಂದು ಖಾಲಾ ಕಿಟಕಿಯಿಂದಲೇ ಉತ್ತರ ಕೊಟ್ಟು, ನಮ್ಮ ಕಡೆ ತಿರುಗಿ ಬೈದಳು: "ಅರೇ, ಬಾಯಿ ಮುಚ್ಚರ್ರೇ! ಕಣ್ಣೀರೆಲ್ಲಾ ಈಗೇ ಖರ್ಚು ಮಾಡಿದ್ರ ನಾ ಸತ್ತಾಗ ಏನ್ ಮಾಡ್ತೀರಿ?"

ಆಕೆಯ ಕಣ್ಣಿಗೆ ಪೊರೆ ಬಂದಿದೆ. ದಾರ ಯಾವುದು, ಗರಿ ಯಾವುದು ಎಂದು ಬೆರಳಿನಿಂದ ಮುಟ್ಟಿ ತಿಳಿದುಕೊಳ್ಳುವ ಹಾಗಾದ ಮೇಲೆ, ಇನ್ನು ಸಾಕು ಎಂದು ತಾನೇ ಹೊರಟಳು. ಈಗ ಆಕೆಯ ಜಾಗದಲ್ಲಿ ಕೂತು ಕೆಲಸ ನಡೆಸುತ್ತಿರುವುದು ನಮ್ಮವ್ವ. ಆ ಜಾಗ ನಮ್ಮವ್ವನಿಗೆ ಹೇಗೆ ಬಂತು ಎಂಬುದನ್ನು ಓಣಿಯವರು ಒಬ್ಬೊಬ್ಬರು ಒಂದೊಂದು ತರ ಹೇಳುತ್ತಾರೆ. ಸರಿಯಾಗಿ ಹೇಳಬಲ್ಲವಳು ನಾನೊಬ್ಬಳೇ. ನನಗೀಗ ಹದಿನೇಳು, ಪಿಯುಸಿ ಎರಡನೇ ವರ್ಷ, ಓಣಿಯ ಹೆಣ್ಣುಮಕ್ಕಳಲ್ಲಿ ಇಂಗ್ಲಿಷ್ ಬಲ್ಲವಳು ನಾನೊಬ್ಬಳೇ. ಇದು ನನ್ನ ಅಭಿಪ್ರಾಯ. ಖಾಲಾನ ಅಭಿಪ್ರಾಯ ಬೇರೆ ಇತ್ತು. "ಈ ಹುಡಿಗಿ ಮಾತು ಉದ್ದ ಲಂಗ ಇದ್ದಂಗ," ಎನ್ನುತ್ತಿದ್ದಳು, "ಎರಡು ಮಡಿಕಿ ಹಾಕಿ ಹೊಲದ್ರ ಅಳತಿಗಿ ಬರತದ." ಓದುವವರು ಆ ಎರಡು ಮಡಿಕೆ ಹಾಕಿಕೊಂಡೇ ಓದಬೇಕು.

ಖಾಲಾ ಎಂದರೆ ಅವರ ಮನೆಮಾತಿನಲ್ಲಿ ತಾಯಿಯ ಒಡಹುಟ್ಟಿದವಳು. ಆಕೆಯನ್ನು ಹಾಗೆ ಕರೆಯಲು ಹಕ್ಕಿದ್ದವನು ಹೈದರಾಬಾದಿನಲ್ಲಿದ್ದ ಅಕ್ಕನ ಮಗ ಒಬ್ಬನೇ. ಅವನು ಕರೆದದ್ದನ್ನು ಕೇಳಿ ಓಣಿಯೆಲ್ಲ ಕರೆಯಿತು. ಹಾಲಿನವನು, ಪೋಸ್ಟ್‌ಮ್ಯಾನ್, ಕೊನೆಗೆ ಆಕೆಗಿಂತ ಹತ್ತು ವರ್ಷ ದೊಡ್ಡವನಾದ ಹತ್ತಿ ಮಿಲ್ಲಿನ ವಾಚ್‌ಮನ್ ಕೂಡ ಖಾಲಾ ಎಂದ. "ನಮ್ಮಕ್ಕಗ ಇಷ್ಟು ಮಕ್ಕಳು ಅಂತ ಅಕಿಗೇ ಗೊತ್ತಿದ್ದಿಲ್ಲ ಪಾಪ," ಎಂದು ನಗುತ್ತಿದ್ದಳು. ಆಕೆ ಎಷ್ಟು ಎತ್ತರ ಎಂದರೆ ತನ್ನದೇ ಮನೆಯ ಬಾಗಿಲಿಗೆ ದಿನಕ್ಕೆ ಹತ್ತು ಸಲ ಸಲಾಮು ಹೊಡೆದು ಒಳಗೆ ಹೋಗಬೇಕಿತ್ತು. ದಾರ ಕಡಿದು ಕಡಿದು ಮುಂದಿನ ಹಲ್ಲಿನಲ್ಲಿ ಒಂದು ಗೀರು ಬಿದ್ದಿತ್ತು. ಆ ಗೀರಿನೊಳಗಿಂದ ಆಕೆ ಶಿಳ್ಳೆ ಹೊಡೆದರೆ ಸ್ಟೇಷನ್ನಿನಲ್ಲಿ ಬೊಂಬಾಯಿ ಗಾಡಿ ಹೊರಟುಬಿಡುತ್ತಿತ್ತು. ಮಡಿಕೆ, ಮಡಿಕೆ. ನಮ್ಮ ಓಣಿಯ ಕೋಳಿಗಳು ಮಾತ್ರ ಖಂಡಿತ ಹೊರಡುತ್ತಿದ್ದವು.

ಮೊದಲು ಆಕೆ ಮದುವಣಗಿತ್ತಿಯರ ದುಪಟ್ಟಾಕ್ಕೆ ಜರಿ ಕಸೂತಿ ಹಾಕುತ್ತಿದ್ದಳು. ಒಬ್ಬ ಹುಡುಗಿಗೆ ಹಾಕಿದ ಬಳ್ಳಿ ಇನ್ನೊಬ್ಬಳಿಗೆ ಇಲ್ಲ, ಅದು ಆಕೆಯ ಕಟ್ಟಳೆ. ರಾಯಚೂರು, ಮಾನ್ವಿ, ದೇವದುರ್ಗ ಮೂರೂ ಊರಿನ ಮದುವೆ ಹುಡುಗಿಯರು ಆಕೆಯ ಕೈಯಿಂದ ಹಾದು ಹೋಗಿದ್ದರೂ, ಜರಿಯ ಎರಡು ಮಾವಿನಕಾಯಿ ಒಂದೇ ಸಮ ಬಾಗಿದ್ದನ್ನು ಯಾರೂ ಕಂಡಿರಲಿಲ್ಲ. "ಇಬ್ಬರಿಗಿ ಒಂದ ನಮೂನಿ ಹಾಕಿದ್ರ, ಒಬ್ಬಾಕಿ ನಸೀಬು ಇನ್ನೊಬ್ಬಾಕಿ ಮನಿಗಿ ಹೋಗಿ ಕುಂದ್ರತದ," ಎನ್ನುತ್ತಿದ್ದಳು. ಮುಂದೆ ಮಷೀನಿನ ಜರಿ ಬಂತು. ಕೈಕೆಲಸ ಕೇಳುವವರು ಕಡಿಮೆಯಾದರು. ಆಗಲೇ ಹೈದರಾಬಾದಿನ ಅಕ್ಕನ ಮಗ ಒಂದು ವಿಚಿತ್ರ ಕೆಲಸ ತಂದ.

ದೂರದ ಬೆಚ್ಚಗಿನ ಸಮುದ್ರಗಳ ದಂಡೆಯಲ್ಲಿ ಬಿಳಿ ದೊರೆಗಳು ಮೊಣಕಾಲುದ್ದ ಉಪ್ಪು ನೀರಿನಲ್ಲಿ ನಿಂತು, ಚಾಟಿಯ ಹಾಗೆ ಕೋಲು ಬೀಸಿ ಮೀನು ಹಿಡಿಯುತ್ತಾರಂತೆ. ಗಾಳಕ್ಕೆ ಎರೆಹುಳ ಚುಚ್ಚುವುದಿಲ್ಲ. ಹುಂಜದ ಗರಿ, ಆಡಿನ ಕೂದಲು, ಮಿಂಚುವ ದಾರ ಸುತ್ತಿ, ಅದೇ ಒಂದು ಸೀಗಡಿ, ಏಡಿ, ಇಲ್ಲವೇ ಸಣ್ಣ ಮೀನು ಎಂದು ದೊಡ್ಡ ಮೀನಿಗೆ ತೋರುವ ಹಾಗೆ ಕಟ್ಟಿರುತ್ತಾರೆ. ಅವರು ಅದನ್ನು ನೊಣ ಎಂದು ಕರೆಯುತ್ತಾರೆ. ನಮ್ಮ ಓಣಿ ಅದಕ್ಕೆ ಹುಳ ಎಂದು ಹೆಸರಿಟ್ಟಿತು. ಹುಳ ಕಟ್ಟುವ ಕೆಲಸ ಹೈದರಾಬಾದಿನ ಒಬ್ಬ ಸೇಠನ ಕೈಯಲ್ಲಿತ್ತು. ಗಾಳದ ಕೊಂಡಿ ಅವನು ಕಳಿಸುವುದು, ಹುಳ ನಾವು ಕಳಿಸುವುದು. ಸಮುದ್ರ ಯಾವ ಕಡೆ ಎಂದು ಕೇಳಿದರೆ ನಮ್ಮ ಓಣಿಯ ಅರ್ಧ ಜನ ರೈಲ್ವೆ ಸ್ಟೇಷನ್ ಕಡೆ ಕೈ ತೋರಿಸುತ್ತಿದ್ದರು. ಆದರೂ ಆರು ಮನೆಯ ಹೆಂಗಸರು ಖಾಲಾನ ಅಂಗಳದಲ್ಲಿ ಕೂತು ಸಮುದ್ರದ ಮೀನಿಗೆ ಊಟ ತಯಾರು ಮಾಡತೊಡಗಿದರು.

ಅವರಲ್ಲಿ ನಮ್ಮವ್ವನೂ ಒಬ್ಬಳು. ನಮ್ಮದು ಮೊಟ್ಟೆ ಕೂಡ ಮುಟ್ಟದ ಮನೆ. ಹಾಗಾಗಿ ದೊರೆಸಾನಿಯರ ಟೊಪ್ಪಿಗೆಗೆ ಹೂವು ಕಟ್ಟುತ್ತಿದ್ದೇವೆ ಎಂದು ಅಜ್ಜಿಗೆ ಹೇಳಿದ್ದೆವು. ಅಜ್ಜಿ ಒಮ್ಮೆ ಕೆಳಗೆ ಬಿದ್ದಿದ್ದ ಒಂದು ಹಸಿರು ಹೂವನ್ನು ಭಕ್ತಿಯಿಂದ ಎತ್ತಿ ದೇವರ ಜಗಲಿಯ ಮೇಲೆ ಏರಿಸಿಬಿಟ್ಟಳು. ಬರಾಕುಡ ಎಂಬ ಹಲ್ಲುಗಳ ರಾಕ್ಷಸ ಮೀನಿಗೆ ಕಟ್ಟಿದ ಹುಳ ಮೂರು ದಿನ ನಮ್ಮ ಮನೆಯಲ್ಲಿ ಮಂಗಳಾರತಿ ಪಡೆಯಿತು. ಅವ್ವ ಮೂರು ದಿನ ಅನ್ನ ಬಿಟ್ಟಳು. ಸರಿ, ಮಜ್ಜಿಗೆ ಅನ್ನ ತಿಂದಳು.

ಕೊಂಡಿಗಳ ಜೊತೆಗೆ ಬಣ್ಣದ ಹಾಳೆ ಒಂದು ಬರುತ್ತಿತ್ತು. ಯಾವ ಮೀನಿಗೆ ಯಾವ ಹುಳ ಎಂದು ಅದರಲ್ಲಿ ಚಿತ್ರ, ಕೆಳಗೆ ಇಂಗ್ಲಿಷು. ಆಗ ನಾನು ಎಂಟನೇ ಇಯತ್ತೆ, ಆದರೆ ಗತ್ತು ಡೆಪ್ಯುಟಿ ಕಮಿಷನರ್‌ದು. ಚಹಾ ಕೊಟ್ಟರೆ ಮಾತ್ರ ಓದುತ್ತಿದ್ದೆ.

"ಇದು ಬೋನ್‌ಫಿಶ್. ಬೆಳ್ಳಿ ಬಣ್ಣ. ಮೊಳಕಾಲು ಮುಳುಗದಷ್ಟು ನೀರಿನ್ಯಾಗ ತಲಿ ಕೆಳಗ ಮಾಡಿ ಸೀಗಡಿ ಹುಡುಕತದ, ಬಾಲ ಮ್ಯಾಲೆ ಕಾಣತದ. ಮನಷ್ಯಾರ ನೆಳ್ಳು ಬಿದ್ರ ಓಡಿಹೋಗತದ," ಎಂದು ಓದಿದೆ.

"ಹೋಗೇ ಬೇ, ಸುಳ್ಳಿ! ತಲಿ ಕೆಳಗ ಮಾಡಿ ಯಾರ್ ಉಣ್ತಾರ?" ಎಂದರು ಹೆಂಗಸರು. ಅದೇ ಟಾರ್ಪನ್ ಎಂಬ ಆಳುದ್ದದ ಮೀನು ವರ್ಷಕ್ಕೊಮ್ಮೆ ಹಲ್ಲು ಉದುರಿಸಿ ಹೆಂಡತಿಗೆ ಉಡುಗೊರೆ ಕೊಡುತ್ತದೆ ಎಂದು ನಾನು ಕಟ್ಟಿ ಹೇಳಿದಾಗ, "ನೋಡ್ರೀ, ಮೀನಿಗಿ ಐತಿ ಬುದ್ಧಿ, ನಮ್ಮನ್ಯಾನವಗಿಲ್ಲ," ಎಂದು ನಿಟ್ಟುಸಿರು ಬಿಟ್ಟರು. ಅಚ್ಚಾದದ್ದನ್ನು ನಂಬುವುದಿಲ್ಲ, ನಾನು ಕಟ್ಟಿದ್ದನ್ನು ನಂಬುತ್ತಾರೆ. ಇಂಥ ಊರಿನಲ್ಲಿ ನನ್ನಂಥವಳು ಸುಮ್ಮನಿರುವುದು ಹೇಗೆ?

ಮೀನುಗಳಿಗೆ ಹೆಸರಿಟ್ಟವಳು ಖಾಲಾ. ಬೆಳ್ಳಿ ಶೇರವಾನಿ ತೊಟ್ಟು ನೆರಳಿಗೆ ಹೆದರುವ ಬೋನ್‌ಫಿಶ್ಶು ದುಲ್ಹಾ, ಅಂದರೆ ಮದುಮಗ. ಅಂಗೈ ಅಗಲದ ಹುರುಪೆ ಹೊತ್ತು, ಗಾಳ ಚುಚ್ಚಿದ ಕೂಡಲೇ ನೀರಿನಿಂದ ಮೇಲೆ ಹಾರುವ ಟಾರ್ಪನ್ನು ಪೈಲ್ವಾನ. ಕಂಡದ್ದನ್ನೆಲ್ಲ ನುಗ್ಗಿ ಕಸಿಯುವ ಟ್ರೆವಲಿ ಗೂಂಡಾ. ಪರ್ಮಿಟ್ ಎಂಬ ಮೊಂಡು ಮುಖದ ಮೀನು ಏಡಿಯ ಹತ್ತಿರ ಬರುತ್ತದೆ, ನಿಧಾನ ನೋಡುತ್ತದೆ, ಏನೋ ತಪ್ಪು ಕಂಡವರ ಹಾಗೆ ತಿರುಗಿ ಹೋಗುತ್ತದೆ ಎಂದು ಓದಿದ ಕೂಡಲೇ, "ತಹಶೀಲ್ದಾರ ಸಾಹೇಬ್ರು!" ಎಂದಳು. ಬರಾಕುಡದ ಹಲ್ಲು ನೋಡಿ ತಲೆಯ ಮೇಲೆ ಸೆರಗು ಎಳೆದುಕೊಂಡು, "ನಮ್ಮತ್ತಿ," ಎಂದಳು.

ಆಕೆ ಕೆಲಸ ಮಾಡುವುದನ್ನು ನೋಡಬೇಕಿತ್ತು. ಒಂದು ಇಟ್ಟಿಗೆಗೆ ಪಕ್ಕಡ ಕಟ್ಟಿ, ಅದರ ಬಾಯಿಗೆ ಕೊಂಡಿ ಕಚ್ಚಿಸಿ, ಬಾಗಿಲ ಬೆಳಕಿಗೆ ಕೂತು ಸುತ್ತುತ್ತಿದ್ದಳು. ಕೊನೆಯ ಗಂಟಿನ ಮೇಲೆ ಉಗುರಿನ ಬಣ್ಣ ಒಂದು ಹನಿ, ನೀರಿಗೆ ದಾರ ಬಿಚ್ಚದಿರಲಿ ಎಂದು. ಗಂಡ ಸತ್ತು ಇಪ್ಪತ್ತು ವರ್ಷವಾದ, ಐವತ್ತು ದಾಟಿದ ಹೆಂಗಸು ವಾರಕ್ಕೆ ಆರು ಶೀಶೆ ಉಗುರುಬಣ್ಣ ಒಯ್ಯುವುದನ್ನು ಕಂಡು ಬಳೆ ಅಂಗಡಿಯವನು ಊರೆಲ್ಲ ಸುದ್ದಿ ಹಬ್ಬಿಸಿದ. ಯಾರೋ ಆಕೆಯನ್ನೇ ಕೇಳಿದರು. "ಹೌದ್ರೀ, ನಿಕಾ ಅದ," ಎಂದಳು ಖಾಲಾ, "ವರ ಸಮುದ್ರದಾಗ ಇರ್ತಾನ. ಬಾಲ ಮ್ಯಾಲೆ ಮಾಡಿ ಉಣ್ತಾನ."

ಗರಿ ಆರಿಸಲು ಮಾನ್ವಿ ಸಂತೆಗೆ ಹೋಗುತ್ತಿದ್ದಳು. ಹುಂಜವನ್ನು ಹೆಣ್ಣು ನೋಡಿದ ಹಾಗೆ ನೋಡುತ್ತಿದ್ದಳು. ಎದ್ದು ನಿಲ್ಲು, ತಿರುಗು, ಕುತ್ತಿಗೆ ತೋರಿಸು. ಮಲ್ಲಟದ ಒಬ್ಬ ರೈತನ ಬಿಳಿ ಹುಂಜದ ಮೇಲೆ ಆಕೆಗೆ ಜೀವ. ಅವನು ಕೊಯ್ಯಲು ಒಪ್ಪಲಿಲ್ಲ, ಮಾರಲೂ ಒಪ್ಪಲಿಲ್ಲ. ಕೊನೆಗೆ ಅದು ತಾನಾಗಿ ಉದುರಿಸಿದ ಗರಿಗಳನ್ನು ಕೂಡಿಸಿ ಇಡುವುದೆಂದು ಮಾತಾಯಿತು. ಪ್ರತಿ ಸಂತೆಗೆ ಅವನು ಕಾಗದದ ಪೊಟ್ಟಣ ತರುತ್ತಿದ್ದ, ಆಕೆ ಹುಂಜಕ್ಕೆ ಜೋಳ ಒಯ್ಯುತ್ತಿದ್ದಳು.

ಹುಳ ಕಟ್ಟುವಾಗ ಅವುಗಳ ಜೊತೆ ಮಾತು. ಒಂದು ಸೀಗಡಿಯ ಮೀಸೆ ಹಿಂದಕ್ಕೆ ಎಳೆದು, "ಇದಕ್ಕ ಯಾರೋ ಬೆನ್ನ ಹತ್ಯಾರ." ಇನ್ನೊಂದರ ಹೊಟ್ಟೆ ದಪ್ಪ ಮಾಡಿ, "ಇಕಿಗಿ ದಿನ ತುಂಬ್ಯಾವ." ಮತ್ತೊಂದಕ್ಕೆ, "ಇದು ಈಗ ನಿದ್ದಿಯಿಂದ ಎದ್ದದ, ಚಾ ಕುಡದಿಲ್ಲ." ಡಜನ್ನಿಗೆ ಹನ್ನೆರಡು ಮುಖ. ಪ್ರತಿಯೊಂದನ್ನೂ ತಾಟಿನ ಉಪ್ಪು ನೀರಿನಲ್ಲಿ ಬಿಟ್ಟು, ನೆಲಕ್ಕೆ ಕೆನ್ನೆ ಹಚ್ಚಿ ಮಲಗಿ, ಮೀನಿನ ಕಣ್ಣಿನಿಂದ ನೋಡಿ, ಅದೊಂದೇ ಪ್ರಶ್ನೆ ಕೇಳುತ್ತಿದ್ದಳು: "ಮೀನು ನಂಬತದೇನು?"

ಉಳಿದ ಹೆಂಗಸರಿಗೂ ಹಾಗೆಯೇ ಕಲಿಸಿದಳು. ಕಲಿಯದವಳು ನಮ್ಮವ್ವ ಒಬ್ಬಳೇ. ಅವ್ವನ ಕೈಯಿಂದ ಒಂದು ಬಂದ ಹಾಗೆ ನೂರು ಬರುತ್ತಿದ್ದವು, ಅಳತೆ, ಓರೆ, ಮೀಸೆ ಎಲ್ಲ ಒಂದೇ ಸಮ. "ತಂಗಿ, ನೀನು ಸೀಗಡಿ ಕಟ್ಟಾಕತ್ತೀದಿ, ಪೊಲೀಸರನ್ನಲ್ಲ," ಎಂದು ಖಾಲಾ ಬೈದರೆ ಅವ್ವ ನಾಚಿ, "ನನಗ ಇಷ್ಟ ಬರತದ್ರಿ ಖಾಲಾ," ಎನ್ನುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಆ ಸೇಠ ಎಲ್ಲ ಹುಳವನ್ನೂ ಡಬ್ಬಿಗೆ ಸುರಿದು ಹಡಗಿಗೆ ಹಾಕುತ್ತಿದ್ದ, ಯಾರೂ ಏನೂ ಅನ್ನಲಿಲ್ಲ. ಮುಂದೆ ಅಂಗಡಿಯವರಿಗೆ ರಟ್ಟಿನ ಮೇಲೆ ಹನ್ನೆರಡು ಸಾಲಾಗಿ ಚುಚ್ಚಿ ಕಳಿಸುವ ಪದ್ಧತಿ ಬಂತು. ಸಾಲಿಗೆ ನಿಂತ ಕೂಡಲೇ ಗುಟ್ಟು ರಟ್ಟಾಯಿತು.

ಒಂದು ಮಧ್ಯಾಹ್ನ ಅಕ್ಕನ ಮಗ ಹೈದರಾಬಾದಿನಿಂದ ಡಬ್ಬಿ ಹೊತ್ತು ಬಂದ. ನೀರು ಕೂಡ ಕುಡಿಯದೆ ಅಂಗಳದಲ್ಲಿ ಅದನ್ನು ಬಿಚ್ಚಿದ.

"ಖಾಲಾ, ಮಾಲೆಲ್ಲಾ ವಾಪಸ್ ಬಂದದ. ನೋಡು, ಒಂದು ರಟ್ಟಿನ್ಯಾಗ ಹನ್ನೆರಡು, ಹನ್ನೆರಡೂ ಬ್ಯಾರೆ ಬ್ಯಾರೆ. ಸೇಠ ಕೇಳ್ತಾನ, ಇದು ಮಾಲೋ ಮದಿವಿ ದಿಬ್ಬಣೋ ಅಂತ."

"ಹನ್ನೆರಡು ಸೀಗಡಿಗಿ ಒಂದ ಮಾರಿ ಇರತದೇನೋ?" ಖಾಲಾ ಕೇಳಿದಳು. "ಮೀನಿಗಿ ಕಣ್ಣಿಲ್ಲೇನು? ಅದೇ ಮಾರೀದು ಹನ್ನೆರಡು ಸರ್ತಿ ಬಂದ್ರ ಅದು ಹ್ಯಾಂಗ ನಂಬತದ?"

"ತಗೊಳ್ಳಾವ ಮೀನಲ್ಲ ಖಾಲಾ, ಅಂಗಡಿಯಾಂವ."

"ಹಂಗಾದ್ರ ಗಾಳ ಅವನ ಬಾಯಿಗೇ ಹಾಕಂತ ಹೇಳು."

ನಾನು ನಕ್ಕೆ. ಬೇರೆ ಯಾರೂ ನಗಲಿಲ್ಲ. ಅಕ್ಕನ ಮಗ ಮೆಲ್ಲಗೆ ಹೇಳಿದ: ಹದಿನೈದು ದಿನದಲ್ಲಿ ದುಲ್ಹಾ ಮೀನಿನ ಸೀಗಡಿ, ಎಲ್ಲ ಒಂದೇ ಸಮ, ಒಂದು ಡಬ್ಬಿ ತುಂಬ ಹೋಗಬೇಕು. ಇಲ್ಲದಿದ್ದರೆ ಸೇಠ ಕೆಲಸವನ್ನು ಬೇರೆ ಊರಿಗೆ ಕೊಡುತ್ತಾನೆ. ಅವನು ಹೋದ ಮೇಲೆ ಆರು ಮನೆಯ ಹೆಂಗಸರು ಗರಿ ಆರಿಸುವ ನೆವದಲ್ಲಿ ತಲೆ ತಗ್ಗಿಸಿ ಕೂತರು. ಒಬ್ಬಳ ಗಂಡ ಅಕ್ಕಿ ಗಿರಣಿಯಲ್ಲಿ ಕಾಲು ಮುರಿದುಕೊಂಡು ಮಲಗಿದ್ದ. ಇನ್ನೊಬ್ಬಳು ಮಗಳನ್ನು ಶಾಲೆ ಬಿಡಿಸುವ ಮಾತಾಡಿ, ಈ ಕೆಲಸ ಬಂದ ಮೇಲೆ ಆ ಮಾತು ನಿಲ್ಲಿಸಿದ್ದಳು. ಯಾರೂ ಖಾಲಾಗೆ ಏನೂ ಹೇಳಲಿಲ್ಲ. ಹೇಳಿದ್ದರೆ ಆಕೆ ಜಗಳವಾದರೂ ಆಡುತ್ತಿದ್ದಳು.

ಮರುದಿನದಿಂದ ಆಕೆ ಒಂದೇ ಸಮ ಕಟ್ಟಲು ಕೂತಳು. ನಾನು ಜನ್ಮದಲ್ಲಿ ಅಷ್ಟು ನಗು ತಡೆದದ್ದಿಲ್ಲ. ಮೊದಲ ಎರಡು ಅಕ್ಕತಂಗಿಯರ ಹಾಗಿದ್ದವು. ಮೂರನೆಯದು ದಾಯಾದಿ. ನಾಲ್ಕನೆಯದಕ್ಕೆ ಬರುವ ಹೊತ್ತಿಗೆ ಬೆರಳು ತಾನಾಗಿ ಒಂದು ಮೀಸೆಯನ್ನು ಕೊಂಕಿಸಿತು. ಐದನೆಯದು ನಗುತ್ತಿತ್ತು. ಬಿಚ್ಚಿದಳು, ಕಟ್ಟಿದಳು, ಮತ್ತೆ ಬಿಚ್ಚಿದಳು. ಮೂರು ದಿನ. ಮೂರನೆಯ ದಿನ ಆಕೆ ಊಟಕ್ಕೂ ಏಳದೆ ಬಿಚ್ಚುತ್ತ ಕೂತದ್ದನ್ನು ಕಂಡು ನನ್ನ ನಗು ಎಲ್ಲಿ ಹೋಯಿತೋ.

"ಬೇಟಿ, ಆ ಹಾಳಿ ತಗೊಂಡು ಬಾ," ಎಂದಳು. "ಸಮುದ್ರದಾಗಿನ ಸೀಗಡಿ ಎಲ್ಲಾ ಒಂದ ನಮೂನಿ ಇರ್ತಾವಂತ ಬರದಾರೇನು, ನೋಡಿ ಹೇಳು."

ಹಾಳೆಯಲ್ಲಿ ಅಂಥದ್ದೇನೂ ಇರಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಒಂದು ಸಾಲಿನ ಮೇಲೆ ಬೆರಳಿಟ್ಟು, "ಹೌದು ಖಾಲಾ, ಬರದಾರ. ಉಪ್ಪು ನೀರಿನ್ಯಾಗ ಎಲ್ಲಾ ಸೀಗಡಿಗಿ ಒಂದ ಮಾರಿ," ಎಂದು ಓದಿದೆ.

ಆಕೆ ನನ್ನ ಬೆರಳನ್ನು ನೋಡಲಿಲ್ಲ. ಮುಖ ನೋಡಿದಳು. "ನಿನ್ನ ಸುಳ್ಳು ಕೇಳಾಕ ಎರಡು ವರ್ಷ ಚಾ ಕುಡಿಸೀನಿ. ಪೈಲ್ವಾನ ಹೆಂಡ್ತಿಗಿ ಹಲ್ಲು ಕೊಟ್ಟದ್ದು ಛಲೋ ಇತ್ತು. ಇದು ಬ್ಯಾಡ."

ನಾನು ಹಾಳೆ ಮಡಚಿದೆ. ನನ್ನ ಕಿವಿ ಬ್ಯಾಡಗಿ ಮೆಣಸಿನಕಾಯಿಯಾಯಿತು.

"ಅಂಗಡಿಯವನ್ನ ಕೇಳಾದು ಬ್ಯಾಡ, ನಿನ್ನ ಕೇಳಾದು ಬ್ಯಾಡ," ಎಂದು ಆಕೆ ಎದ್ದು ನಿಂತಳು. "ಮೀನನ್ನ ಕೇಳೂಣು." ಎಲ್ಲರ ಮುಂದೆ ಮಾತು ಕೊಟ್ಟಳು: ಮೀನು ತನ್ನ ಹುಳವನ್ನು ನಂಬಿದರೆ, ಕೆಲಸ ಹೋದರೂ ಸರಿ, ಸೇಠನ ಡಬ್ಬಿಯನ್ನು ಹಾಗೇ ತಿರುಗಿ ಕಳಿಸುವುದು. ನಮ್ಮವ್ವನದನ್ನು ನಂಬಿದರೆ ಇನ್ನು ಮೇಲೆ ಅಂಗಳದಲ್ಲಿ ಅವ್ವ ಹೇಳಿದ ಹಾಗೆ. ಅವ್ವ ಅಳುಮುಖ ಮಾಡಿ ನನ್ನನ್ನು ಮೂಲೆಗೆ ಕರೆದು, "ಖಾಲಾಂದ ನಂಬಲಿ ಅಂತ ಬೇಡ್ಕೋ," ಎಂದಳು. ಉಳಿದ ಹೆಂಗಸರು ಏನು ಬೇಡಿಕೊಂಡರು ಎಂದು ನಾನು ಕೇಳಲಿಲ್ಲ.

ರವಿವಾರ ಬೆಳಿಗ್ಗೆ ಖಾಲಾ, ನಾನು ಇಬ್ಬರೇ ಮಾನ್ವಿ ಬಸ್ಸು ಹತ್ತಿದೆವು. ಖಾಲಾನ ಕೈಯಲ್ಲಿ ಡಬ್ಬಿ, ಅದರಲ್ಲಿ ಉಪ್ಪು ನೀರು, ನೀರಿನಲ್ಲಿ ಎರಡು ಹುಳ. ಉಪ್ಪು ಸಮುದ್ರದ ಹುಳ, ಸಿಹಿ ನೀರಿಗೆ ಇಳಿಯುವ ಮೊದಲು ಅದಕ್ಕೆ ಧೈರ್ಯ ಬರಬೇಕು ಎಂದು ಆಕೆಯ ಲೆಕ್ಕ. ಬಸ್ಸು ಕುಲುಕಿದಾಗಲೆಲ್ಲ ಆ ಸಮುದ್ರ ನನ್ನ ಲಂಗದ ಮೇಲೆ ಚೆಲ್ಲುತ್ತಿತ್ತು. ಊರಿನ ಈಚೆ, ಗದ್ದೆಗಳ ನಡುವೆ ಕಾಲುವೆ ಅಗಲವಾಗಿ ನಿಧಾನ ಹರಿಯುವಲ್ಲಿ ಇಳಿದೆವು. ಸೇತುವೆಯ ನೆರಳಿನಲ್ಲಿ ಮರಲ ಮೀನು ಇರುತ್ತದೆ, ಹಾವಿನಂಥ ತಲೆ, ಕಪ್ಪು ಮೈ, ಮಹಾ ಅನುಮಾನದ ಪ್ರಾಣಿ ಎಂದು ಗರಿ ಕೂಡಿಸುವ ರೈತ ಆಕೆಗೆ ಹೇಳಿದ್ದನಂತೆ.

ಎರಡು ಬಿದಿರು ಕೋಲಿಗೆ ದಾರ ಕಟ್ಟಿದೆವು. ಖಾಲಾ ತನ್ನ ಹುಳದ ಕೋಲನ್ನು ನನ್ನ ಕೈಗೆ ಕೊಟ್ಟು, ಅವ್ವನ ಹುಳದ ಕೋಲನ್ನು ತಾನು ಹಿಡಿದಳು.

"ಅದಲ್ ಬದಲ್ ಆಗೇದ ಖಾಲಾ," ಎಂದೆ.

"ಆಗಿಲ್ಲ. ನಂದು ನನ್ನ ಕೈಯಾಗ ಇದ್ರ ನಾ ಛಲೋ ಕುಣಿಸ್ತೀನಿ. ಅದು ಮೋಸ ಆಗತದ."

ಎಮ್ಮೆ ತೊಳೆಯುತ್ತಿದ್ದ ಒಬ್ಬ ರೈತ ಕೆಲಸ ಬಿಟ್ಟು ನೋಡುತ್ತ ನಿಂತ. "ಏನ್ರೀ ಯವ್ವಾ ಅದು, ಹುಳಾನೋ ಹೂವೋ?"

"ಸೀಗಡಿ."

"ಈ ಕಾಲುವೀಗಿ ಸೀಗಡಿ ಯಾವಾಗ ಬಂತ್ರೀ?"

"ಮುಂಜಾನಿ ಬಸ್ಸಿಗಿ," ಎಂದಳು ಖಾಲಾ, ಕಣ್ಣು ನೀರಿನಿಂದ ತೆಗೆಯದೆ.

ಎರಡು ತಾಸು ಏನೂ ಆಗಲಿಲ್ಲ. ಒಮ್ಮೆ ನನ್ನ ಹುಳದ ಕೆಳಗೆ ಕಪ್ಪು ನೆರಳೊಂದು ಏರಿ ಬಂತು. ನಾನು ಉಸಿರು ಹಿಡಿದು ಖಾಲಾನ ಸೀಗಡಿಯನ್ನು ಆಕೆ ಕಲಿಸಿದ ಹಾಗೆ ತುಸು ಬೆದರಿಸಿದೆ, ತುಸು ನಿಲ್ಲಿಸಿದೆ. ನೆರಳು ನೋಡಿತು. ದೇವರಾಣೆ, ಇದಕ್ಕೆ ಮಡಿಕೆ ಹಾಕಬೇಡಿ, ಅದು ಪೂರಾ ಒಂದು ಸುತ್ತು ಹಾಕಿ ನೋಡಿತು. ಆಮೇಲೆ ತಿರುಗಿ ಸೇತುವೆಯ ಕಡೆ ಹೊರಟಿತು. ಹೋಗುವ ದಾರಿಯಲ್ಲಿ ನಮ್ಮವ್ವನ ಹುಳ ತೇಲುತ್ತಿತ್ತು. ಕುಣಿತವಿಲ್ಲ, ಬೆದರಿಕೆಯಿಲ್ಲ, ಸುಮ್ಮನೆ. ನೀರು ಒಡೆಯಿತು. ಖಾಲಾನ ಕೈಯ ಬಿದಿರು ಬಿಲ್ಲಾಯಿತು.

ಮೀನು ಒಂದು ಆಳುದ್ದ ಇತ್ತು. ಒಂದು ಮೊಳ. ರೈತ ಓಡಿ ಬಂದು ಹಿಡಿದುಕೊಟ್ಟ, "ಯವ್ವಾ, ಮಸ್ತ್ ಸಾರಾಗತದ!" ಎಂದ. ಖಾಲಾ ಮಂಡಿಯೂರಿ ಅದರ ಬಾಯಿಂದ ಕೊಂಡಿಯನ್ನು, ದುಪಟ್ಟಾದಿಂದ ಸೂಜಿ ತೆಗೆಯುವ ಹಾಗೆ, ಹೊರಳಿಸಿ ತೆಗೆದಳು. ಎರಡೂ ಕೈಯಲ್ಲಿ ಮೀನನ್ನು ನೀರಿನೊಳಗೆ ಹಿಡಿದು ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಬಿಟ್ಟಳು.

"ಅಯ್ಯ ಯವ್ವಾ!" ರೈತ ತಲೆಯ ಮೇಲೆ ಕೈ ಹೊತ್ತ. "ಬಿಡಾಕ ಹಿಡದ್ರೇನ್ರೀ?"

"ಕೇಳಾಕ ಹಿಡದಿದ್ದೆ. ಹೇಳ್ತು," ಎಂದಳು ಖಾಲಾ. "ನಂಬಿ ಬಂದದ್ದನ್ನ ನಾ ಉಣ್ಣಂಗಿಲ್ಲ."

ಹಿಂದಿರುಗುವ ಬಸ್ಸಿನಲ್ಲಿ ಆಕೆ ಕಿಟಕಿಯ ಹೊರಗೆ ನೋಡುತ್ತ ಕೂತಳು. ಶಿಳ್ಳೆ ಇಲ್ಲ, ಬೈಗುಳವಿಲ್ಲ. ನಾನು ಆಕೆಯನ್ನು ನಗಿಸಲು, "ಖಾಲಾ, ಅದು ಸರ್ಕಾರಿ ಕಾಲುವಿ ಮೀನು. ಎಲ್ಲಾ ಒಂದ ಸಮ ಇದ್ದದ್ದ ಪಾಸ್ ಮಾಡತದ," ಎಂದೆ. ಆಕೆ ನನ್ನ ತಲೆ ಸವರಿದಳು, ನಗಲಿಲ್ಲ. ಬಾಯಿ ಮಾಡುವವರು ಮೌನವಾದರೆ ಬಸ್ಸಿನಲ್ಲಿ ಎಷ್ಟು ಜಾಗ ಖಾಲಿಯಾಗುತ್ತದೆ ಎಂದು ನನಗೆ ಅವತ್ತು ತಿಳಿಯಿತು. ರಾಯಚೂರು ಮುಟ್ಟುವುದರೊಳಗೆ ನಾನು ನಿರ್ಧಾರ ಮಾಡಿದ್ದೆ.

ಅಂಗಳದಲ್ಲಿ ಆರೂ ಮನೆಯವರು ಕಾಯುತ್ತಿದ್ದರು. ಚಪ್ಪಲಿ ಬಿಡುವುದಕ್ಕೂ ಪುರಸೊತ್ತಿಲ್ಲದೆ ನಾನು ಶುರು ಮಾಡಿದೆ.

"ಖಾಲಾಂದ! ಖಾಲಾಂದ ನಂಬಿತು! ಇಷ್ಟು ದೊಡ್ಡದು! ಅವ್ವಂದರ ಹತ್ತರ ಬಂತು, ಮೂಸಿತು, ಹೂಂ ಅನ್ನಲಿಲ್ಲ. ಖಾಲಾಂದು ಕಂಡಿದ್ದೇ ತಡ, ಕಾಲುವಿ ಅರ್ಧಕ್ಕರ್ಧ ಮ್ಯಾಲೆ ಎದ್ದುಬಿಡ್ತು! ಎಮ್ಮಿ ತೊಳಿಯಾವ ನೀರಿನ್ಯಾಗ ಬಿದ್ದ!"

ಅವ್ವನ ಮುಖ ಅರಳಿತು. ಹಿಂದೆ ಕೂತಿದ್ದ ಹೆಂಗಸರ ಮುಖ ನನಗೆ ಆಮೇಲೆ ಕಂಡಿತು. ಕಾಲು ಮುರಿದವನ ಹೆಂಡತಿ ತನ್ನ ಮುಂದಿದ್ದ ಗರಿಗಳನ್ನು ಒಂದೊಂದಾಗಿ ಎತ್ತಿ ಚೀಲಕ್ಕೆ ಹಾಕತೊಡಗಿದಳು, ಇನ್ನು ಬೇಕಾಗದ ವಸ್ತುವನ್ನು ಎತ್ತಿಡುವ ಹಾಗೆ. ನಾನು ಖಾಲಾನನ್ನು ಉಳಿಸುವ ಭರದಲ್ಲಿ ಏನು ಹೇಳಿದ್ದೆ ಎಂದು ಆಗ ನನಗೆ ಹೊಳೆಯಿತು. ಆದರೆ ನಾಲಿಗೆಯಿಂದ ಜಾರಿದ್ದು ಜಾರಿತ್ತು.

ಖಾಲಾ ಬಾಗಿಲಲ್ಲಿ ನಿಂತಿದ್ದಳು. ಆ ಸುಳ್ಳನ್ನು ಆಕೆ ಹಾಗೇ ಬಿಡಬಹುದಿತ್ತು. ನೋಡಿದವರು ನಾವಿಬ್ಬರೇ.

"ಲೇ ಹುಡಿಗಿ, ಸಾಕು," ಎಂದಳು. ಬಂದು ಅವ್ವನ ಎದುರಿಗೆ ನಿಂತಳು. "ಸುಳ್ಳು ಹೇಳಾಕತ್ತಾಳ ತಂಗಿ. ನಂದು ನೋಡ್ತು, ಸುತ್ತ ಹಾಕ್ತು, ಹೋತು. ನಿಂದು ನಂಬ್ತು."

ನಮ್ಮವ್ವ ಎದೆಯ ಮೇಲೆ ಕೈಯಿಟ್ಟುಕೊಂಡು, "ಶಿವನೇ! ಸತ್ತಿತೇನ್ರೀ?" ಎಂದಳು. ಮೊಟ್ಟೆ ಮುಟ್ಟದ ಮನೆಯವಳು, ಪಾಪ, ತನ್ನ ಕೈಯಿಂದ ಒಂದು ಜೀವ ಹೋಯಿತೆಂದು ಆಕೆಗೆ ಗಾಬರಿ.

"ಇಲ್ಲವ್ವ, ಬಿಟ್ಟು ಬಂದೀನಿ. ಆರಾಮದ. ಸಂಸಾರಕ್ಕ ಹೋಗೇದ." ಖಾಲಾ ಈಗ ನಕ್ಕಳು, ಹಲ್ಲಿನ ಗೀರು ಕಾಣುವಷ್ಟು. ಆಮೇಲೆ ಬಾಗಿಲ ಬೆಳಕಿನ ತನ್ನ ಜಾಗಕ್ಕೆ ಹೋಗಲಿಲ್ಲ. ಹೆಂಗಸರ ಸಾಲಿನಲ್ಲಿ ಕೊನೆಗೆ, ಚೀಲ ತುಂಬುತ್ತಿದ್ದವಳ ಪಕ್ಕದಲ್ಲಿ, ಉದ್ದನೆಯ ಕಾಲು ಮಡಚಿ ಕೂತಳು. ಅವಳ ಚೀಲದಿಂದ ಒಂದು ಗರಿ ತೆಗೆದು ಬೆರಳಿನಲ್ಲಿ ಹಿಡಿದು ನಮ್ಮವ್ವನ ಕಡೆ ನೋಡಿದಳು.

"ಕುಂದ್ರು ತಂಗಿ, ಅಲ್ಲಿ ಬೆಳಕಿನ್ಯಾಗ ಕುಂದ್ರು," ಎಂದಳು. "ನಿನ್ನವು ಹ್ಯಾಂಗ ಒಂದ ಸಮ ಬರ್ತಾವ, ಮದ್ಲಿಂದ ತೋರ್ಸು. ಸಾವಕಾಶ ತೋರ್ಸು. ನನಗ ಲಗೂನ ಬರಂಗಿಲ್ಲ."